ಹದಿನೇಳು ರೂಪಾಯಿಯ ಬಾಳೆ ಸಸಿ

ಹೋದ ವರ್ಷ ಜೂನ್ ಮೊದಲ ವಾರ. ಬೆಳಗ್ಗೆ ಆರೂವರೆಗೆ ಮಿನಿ ಲಾರಿಯೊಂದು ನಮ್ಮ ತೋಟದ ಗೇಟಿಗೆ ಬಂತು. ಹಿಂದೆ ಕ್ರೇಟುಗಳ ತುಂಬ ಬಾಳೆ ಸಸಿ. ಎಲ್ಲ ಒಂದಡಿ ಎತ್ತರ, ಎಲ್ಲಕ್ಕೂ ಐದೈದು ಎಲೆ. ಒಟ್ಟು 1,250. ನಮ್ಮತ್ತೆ ಒಂದು ಸಸಿಯನ್ನು ಕವರ್ ಸಮೇತ ಎತ್ತಿ, ತೆಂಗಿನಕಾಯಿ ತೂಗುವ ಹಾಗೆ ತೂಗಿ ನೋಡಿದರು.

"ಇದ್ಕೆಷ್ಟು ಕೊಟ್ರಿ?"

"ಹದಿನೇಳು ರೂಪಾಯಿ ಅತ್ತೆ."

"ಒಂದು ಪೆಟ್ಟಿಗೆಗಾ?"

"ಒಂದು ಸಸಿಗೆ."

ಅವರು ಸಸಿಯನ್ನು ಮೆಲ್ಲಗೆ ಕ್ರೇಟಿಗೆ ವಾಪಸ್ ಇಟ್ಟರು. "ಬಾಳೆಕಂದನ್ನ ದುಡ್ಡು ಕೊಟ್ಟು ತಂದ್ರಾ? ನೋಡ್ದೋರು ನಕ್ಕಾರು ಕಣವ್ವ."

ಬಾಳೆಯ ಬುಡದಿಂದ ಏಳುವ ಮರಿಯೇ ಕಂದು. ನಮ್ಮ ಕಡೆ ಅದು ಕೇಳಿ ಪಡೆಯುವ ವಸ್ತು. ಮೊಸರಿನ ಹೆಪ್ಪಿನ ಹಾಗೆ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಅತ್ತೆಯ ಮಾತು ಆ ದಿನ ನನಗೂ ಸ್ವಲ್ಪ ಚುಚ್ಚಿತು. ಈಗ ಒಂದು ಬೆಳೆ ತೆಗೆದು, ಅದೇ ಬುಡದ ಕಂದಿನಿಂದ ಬರುವ ಕೂಳೆ ಬೆಳೆ ಎದೆಮಟ್ಟಕ್ಕೆ ಬಂದಿದೆ. ಟಿಶ್ಯೂ ಕಲ್ಚರ್ ಸಸಿ, ಅಂದರೆ ಲ್ಯಾಬಿನ ಬಾಟಲಿಯಲ್ಲಿ ಗಿಡದ ಚೂರಿನಿಂದ ಬೆಳೆಸಿದ ಸಸಿ, ತರಬಹುದಾ ಬೇಡವಾ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದಿಡುತ್ತಿದ್ದೇನೆ. ನರ್ಸರಿಯ ಹೆಸರು ಹಾಕುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಬೇರೆ ನರ್ಸರಿಗಳಿಗೂ ಹೊಂದುತ್ತದೆ.

ನನ್ನ ಬಗ್ಗೆ ಎರಡು ಮಾತು. ನಂಜನಗೂಡು ತಾಲ್ಲೂಕಿನಲ್ಲಿ 26 ವರ್ಷ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿ ರಿಟೈರ್ ಆದವಳು. ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಹೈಡ್ರಾ ಮೊಗ್ಗೊಡೆಯುವುದು, ಕಾಡುಬಸಳೆ ಎಲೆಯ ಅಂಚಿನಲ್ಲಿ ಮರಿ ಏಳುವುದು, ಎಲ್ಲ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಆದರೆ ಟಿಶ್ಯೂ ಕಲ್ಚರ್ ಬಾಟಲಿಯನ್ನು ಕೈಯಲ್ಲಿ ಹಿಡಿದದ್ದು ರಿಟೈರ್ ಆದ ಮೇಲೆ. ಸ್ವಲ್ಪ ನಾಚಿಕೆಯ ವಿಷಯ, ಆದರೆ ನಿಜ.

ಆರ್ಡರ್ ಕೊಡುವ ಮುಂಚೆ ಲ್ಯಾಬ್ ನೋಡಬೇಕು ಅಂತ ಹಟ ಹಿಡಿದೆ. ಇವರು "ಸಸಿ ತಗೊಳ್ಳೋಕೆ ಲ್ಯಾಬ್ ಯಾಕೆ?" ಅಂದರು. ಬಸ್ಸಿನಲ್ಲಿ ಎರಡು ಗಂಟೆ. ನರ್ಸರಿಯವರು ಬೇಡ ಅನ್ನಲಿಲ್ಲ, ಈ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ. ಚಪ್ಪಲಿ ಬಿಚ್ಚಿಸಿ, ಗೌನು ಟೋಪಿ ಹಾಕಿಸಿ, ಗಾಜಿನ ಈಚೆ ನಿಲ್ಲಿಸಿದರು. ಒಳಗೆ ಕೂತಿದ್ದ ಹುಡುಗಿ ತಲೆ ಎತ್ತಿ ನೋಡಿ "ಮಿಸ್!" ಅಂದಳು. ನನ್ನ ಹಳೇ ವಿದ್ಯಾರ್ಥಿನಿ. ಕೊನೇ ಬೆಂಚಿನವಳು. ಆಮೇಲೆ ಇಡೀ ಲ್ಯಾಬ್ ನಮ್ಮದೇ.

ಅವಳು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಒಳ್ಳೆಯ ಕತ್ತಿಕಂದು ತೆಗೆದುಕೊಂಡಳು. ಎಲೆ ಅಗಲವಾಗುವ ಮುಂಚಿನ, ಕತ್ತಿಯ ಹಾಗೆ ನೆಟ್ಟಗಿರುವ ಕಂದು. ಅದನ್ನು ತೊಳೆದು, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಹೊರಗಿನ ಪದರಗಳನ್ನು ಒಂದೊಂದೇ ಬಿಡಿಸುತ್ತಾ ಹೋದಳು. ಬಾಳೆಯಲ್ಲಿ ನಾವು ಕಾಂಡ ಅನ್ನುವುದು ಕಾಂಡವೇ ಅಲ್ಲ, ಎಲೆಯ ಬುಡಗಳ ಸುರುಳಿ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಆ ಗೆಡ್ಡೆಯ ನೆತ್ತಿಯ ಮೇಲೆ, ಎಲ್ಲ ಪದರಗಳ ಒಳಗೆ, ಬೆಳೆಯುವ ತುದಿ ಅಡಗಿಕೊಂಡಿರುತ್ತದೆ. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಲೂಡೋ ದಾಳದಷ್ಟು ಬಿಳಿ ತುಂಡು. ಅದರ ಒಳಗಿನ ನಿಜವಾದ ತುದಿ ಅಕ್ಕಿ ನುಚ್ಚಿಗಿಂತ ಚಿಕ್ಕದು, ಲೆನ್ಸ್ ಇಲ್ಲದೆ ಕಾಣುವುದಿಲ್ಲ.

ಕತ್ತರಿಸಿದ ಜಾಗ ಕಣ್ಣೆದುರೇ ಕಪ್ಪಾಗತೊಡಗಿತು. ಬಾಳೆದಿಂಡು ಹೆಚ್ಚಿದ ತಕ್ಷಣ ಕಪ್ಪಾಗುತ್ತೆ ಅಂತ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅದೇ ಕಥೆ. "ಇಲ್ಲಿ ಮಜ್ಜಿಗೆ ಬದಲು ವಿಟಮಿನ್ ಸಿ ನೀರು ಮಿಸ್" ಅಂದಳು. ಆಮೇಲೆ ರೋಗಾಣು ಸಾಯುವ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಬಾಟಲಿಗೆ ಇಳಿಸಿದಳು. ಇಳಿಸುವ ಮುಂಚೆ ಒಂದು ಕೆಲಸ ಮಾಡಿದಳು, ಅದು ನನಗೆ ಹೊಸದು. ಬೆಳೆಯುವ ತುದಿಯ ನಟ್ಟ ನಡುವೆ ಬ್ಲೇಡಿನಿಂದ ಸೀಳಿದಳು. ಆ ತುದಿ ಸುಮ್ನೆ ಬಿಟ್ಟರೆ ಮನೆಯ ಹಿರಿಯನ ಹಾಗೆ, ಪಕ್ಕದ ಮೊಗ್ಗುಗಳನ್ನು ತಲೆ ಎತ್ತಲು ಬಿಡುವುದಿಲ್ಲ. ಸೀಳಿದರೆ ಎಲ್ಲವೂ ಏಳುತ್ತವೆ.

ಬಾಟಲಿಯಲ್ಲಿರುವುದು ಮಣ್ಣಲ್ಲ, ಗೊಬ್ಬರವಲ್ಲ. ಚೈನಾ ಗ್ರಾಸ್ ಹಾಕಿ ಮಾಡಿದ ಹಲ್ವದಂಥ ಜೆಲ್ಲಿ. ಅದರಲ್ಲಿ ಲವಣ, ವಿಟಮಿನ್, ಲೀಟರಿಗೆ 30 ಗ್ರಾಂ ಸಕ್ಕರೆ. ಸಕ್ಕರೆ ಯಾಕೆಂದರೆ ಒಳಗಿರುವ ಕೂಸಿಗೆ ಇನ್ನೂ ಸ್ವಂತ ಅಡುಗೆ ಬರುವುದಿಲ್ಲ. ಈ ಜೆಲ್ಲಿಯ ಪಾಕವನ್ನು 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು ತಂಬಾಕಿನ ಜೀವಕೋಶ ಬೆಳೆಸಲು ಬರೆದಿಟ್ಟರು. ಇವತ್ತಿಗೂ ಬಾಳೆ ಲ್ಯಾಬುಗಳಲ್ಲಿ ಹೆಚ್ಚುಕಮ್ಮಿ ಅದೇ ಪಾಕ. ಹುಡುಗಿ ಅದನ್ನು "ಎಂಎಸ್" ಅನ್ನುತ್ತಾಳೆ, ನಾವು ಎಂಟಿಆರ್ ಅಂದ ಹಾಗೆ.

ಇನ್ನು ಎರಡು ಹಾರ್ಮೋನುಗಳ ಆಟ. ಸೈಟೋಕೈನಿನ್ ಜಾಸ್ತಿ ಹಾಕಿದರೆ ಚಿಗುರು ಬರುತ್ತದೆ. ಆಕ್ಸಿನ್ ಜಾಸ್ತಿ ಹಾಕಿದರೆ ಬೇರು. ಇದನ್ನು ಅದೇ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತೋರಿಸಿದ್ದರು. ಮೊದಲು ಚಿಗುರಿನ ಬಾಟಲಿ. ಮೂರು ನಾಲ್ಕು ವಾರಕ್ಕೊಮ್ಮೆ ಗುಂಪು ಬಿಡಿಸಿ ಹೊಸ ಬಾಟಲಿಗೆ. ಸಾಕಷ್ಟಾದ ಮೇಲೆ ಬೇರಿನ ಬಾಟಲಿಗೆ. ನಾನು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಪ್ರತಿ ಸಲ ಒಂದು ಮೂರಾದರೆ, ಎಂಟು ಸಲಕ್ಕೆ 6,561. ನನ್ನ ಎಕರೆಗೆ ಬೇಕಾದ್ದರ ಐದು ಪಟ್ಟು, ಒಂದೇ ಕಂದಿನಿಂದ. "ಎಂಟಕ್ಕೆ ನಿಲ್ಲಿಸ್ತೀವಿ ಮಿಸ್, ಆಮೇಲೆ ಎಡವಟ್ಟು ಜಾಸ್ತಿ" ಅಂದಳು ಹುಡುಗಿ. ಈ ಮಾತು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಅಲ್ಲಿ ನಿಂತು ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ, ಬೆಳೆ ಲೆಕ್ಕ ಮಾತ್ರ ಬೇಕಾದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಎಲೆಯ ಜೀವಕೋಶ ಎಲೆಯ ಕೆಲಸ ಕಲಿತುಬಿಟ್ಟಿದೆ. ಬೇರಿನದು ಬೇರಿನ ಕೆಲಸ. ಆ ನುಚ್ಚಿನಷ್ಟು ತುದಿಯಲ್ಲಿರುವ ಕೋಶಗಳು ಮಾತ್ರ ಇನ್ನೂ ಯಾವ ಕೆಲಸಕ್ಕೂ ಸೇರಿಲ್ಲ. ನಮ್ಮ ಪುಸ್ತಕದಲ್ಲಿ ಇದಕ್ಕೆ ವರ್ಧನ ಅಂಗಾಂಶ ಅಂತ ಹೆಸರು. ಗಿಡದ ಸ್ಟೆಮ್ ಸೆಲ್ ಅಂದರೂ ತಪ್ಪಿಲ್ಲ. ತಾನು ಹಾಗೇ ಉಳಿಯುತ್ತಾ, ಪಕ್ಕಕ್ಕೆ ಒಂದೊಂದೇ ಕೋಶವನ್ನು "ನೀನು ಎಲೆಯಾಗು, ನೀನು ನಾಳವಾಗು" ಅಂತ ಕಳಿಸುತ್ತಿರುತ್ತದೆ. ಬಾಳೆಯಲ್ಲಿ ಇದಕ್ಕೊಂದು ಕೊನೆಯೂ ಇದೆ. ಒಂದು ದಿನ ಅದೇ ತುದಿ ಎಲೆ ಮಾಡುವುದನ್ನು ಬಿಟ್ಟು ಹೂವಾಗಲು ಹೊರಡುತ್ತದೆ. ಗೊನೆಯಾಗಿ ಹೊರಗೆ ಬರುತ್ತದೆ. ಅಲ್ಲಿಂದ ವಾಪಸ್ ಬರುವ ದಾರಿ ಇಲ್ಲ. ಅದಕ್ಕೇ ಗೊನೆ ಕಡಿದ ಬಾಳೆ ಮತ್ತೆ ಚಿಗುರುವುದಿಲ್ಲ, ಪಕ್ಕದ ಕಂದೇ ಗತಿ.

ಗಿಡದ ಯಾವುದೇ ಜೀವಂತ ಕೋಶಕ್ಕೂ ಪೂರ್ತಿ ಗಿಡವಾಗುವ ತಾಕತ್ತು ಇರಬೇಕು ಅಂತ ಹ್ಯಾಬರ್‌ಲಾಂಟ್ 1902ರಲ್ಲಿ ಊಹಿಸಿದ್ದ. ತಾನೇ ಮಾಡಿ ತೋರಿಸಲು ಅವನಿಗೆ ಆಗಲಿಲ್ಲ. 1958ರಲ್ಲಿ ಸ್ಟೀವರ್ಡ್ ಕ್ಯಾರೆಟ್ ಕೋಶಗಳಿಂದ ಮಾಡಿ ತೋರಿಸಿದ, ಅದಕ್ಕೆ ಎಳನೀರು ಹಾಕಿದ್ದ ಅನ್ನುವುದು ನನ್ನ ಮಕ್ಕಳಿಗೆ ಯಾವಾಗಲೂ ಇಷ್ಟವಾಗುತ್ತಿದ್ದ ಭಾಗ. ಪ್ರಾಣಿಗಳಲ್ಲಿ ಇದು ಇಷ್ಟು ಸುಲಭವಲ್ಲ. ಮುರಾಶಿಗೆಯ ಪಾಕ ಬಂದ ಅದೇ 1962ರಲ್ಲಿ ಜಾನ್ ಗರ್ಡನ್ ಕಪ್ಪೆಮರಿಯ ಕರುಳಿನ ಕೋಶಕೇಂದ್ರವನ್ನು ಮೊಟ್ಟೆಗೆ ಹಾಕಿ ಮರಿ ಮಾಡಿದ. ಕೆಲಸ ಕಲಿತ ಕೋಶವನ್ನು ಹಿಂದಕ್ಕೆ ಕರೆದುಕೊಂಡು ಹೋಗಬಹುದು ಅಂತ 2006ರಲ್ಲಿ ಯಮನಾಕ ಇಲಿಯ ಕೋಶಕ್ಕೆ ನಾಲ್ಕು ಜೀನ್ ಹಾಕಿ ತೋರಿಸಿದ. ಇಬ್ಬರಿಗೂ 2012ರಲ್ಲಿ ನೊಬೆಲ್ ಬಂತು. ನಮ್ಮ ಬಾಳೆ ಇದನ್ನು ಹಿತ್ತಲಿನಲ್ಲಿ ಬಚ್ಚಲು ನೀರು ಕುಡಿದು ಮಾಡುತ್ತಿತ್ತು, ಅದಕ್ಕೆ ಯಾರೂ ಕೊಡಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ತಳಿ ಜಿ-9. ಪೂರ್ತಿ ಹೆಸರು ಗ್ರ್ಯಾಂಡ್ ನೇನ್, ಫ್ರೆಂಚಿನಲ್ಲಿ ದೊಡ್ಡ ಕುಳ್ಳ ಅಂತ ಅರ್ಥ. ನಮ್ಮ ಪಚ್ಚಬಾಳೆಯ ಬಳಗವೇ. ಫೆಬ್ರವರಿಯಲ್ಲಿ ಬುಕ್ ಮಾಡಿದ್ದು, ಜೂನಿನಲ್ಲಿ ಬಂತು. ಲ್ಯಾಬಿನ ಗಿಡ ಆದ್ದರಿಂದ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ತರುವ ಹಾಗಿಲ್ಲ. ಸಸಿಗೆ 21,250, ಬಾಡಿಗೆ 1,800. ಆರು ಅಡಿಗೆ ಆರು ಅಡಿ ಅಂತರ ಕೊಟ್ಟರೆ ಎಕರೆಗೆ 1,210 ಹಿಡಿಯುತ್ತದೆ. ಉಳಿದ 40 ನೆರಳಿನಲ್ಲಿ ಇಟ್ಟುಕೊಂಡೆವು. ಅದು ಇವರ ಬುದ್ಧಿ. ಅದಕ್ಕೇ ಬಚಾವಾದೆವು.

ಯಾಕೆಂದರೆ ಮೂರು ವಾರದಲ್ಲಿ 58 ಸಸಿ ಸತ್ತವು. ನೀರಿಗೆ ಕಮ್ಮಿ ಇರಲಿಲ್ಲ, ಡ್ರಿಪ್ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬೀಳುತ್ತಿತ್ತು. ಸಂಜೆಗೂ ಏಳುತ್ತಿರಲಿಲ್ಲ. ಮೂರನೇ ದಿನ ಒಂದನ್ನು ಕಿತ್ತು ಬೇರು ನೋಡಿದೆ. ನಾಲ್ಕೇ ನಾಲ್ಕು ಬೇರು, ಬಿಳಿ, ನುಣ್ಣಗೆ, ಶಾವಿಗೆ ಎಳೆಯ ಹಾಗೆ. ಬೇರುರೋಮ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಗ ಅರ್ಥವಾಯಿತು. ಇವು ಬಾಟಲಿಯಿಂದ ಹೊರಬಂದು ಹೆಚ್ಚು ದಿನ ಆಗಿರಲಿಲ್ಲ.

ಬಾಟಲಿಯೊಳಗೆ ಗಾಳಿ ಯಾವಾಗಲೂ ತೇವ. ಅಲ್ಲಿ ಹುಟ್ಟಿದ ಎಲೆಗೆ ಮೇಣದ ಪದರ ಸರಿಯಾಗಿ ಕೂರುವುದಿಲ್ಲ. ಎಲೆಯ ಪತ್ರರಂಧ್ರಗಳ ಎರಡೂ ಕಡೆ ಕಾವಲು ಕೋಶಗಳು ಅಂತ ಇರುತ್ತವಲ್ಲ, ಬಾಗಿಲು ತೆಗೆದು ಹಾಕಿ ಮಾಡುವವು, ಅವಕ್ಕೂ ಕೆಲಸ ಬಂದಿರುವುದಿಲ್ಲ. ಬಾಗಿಲು ಮುಚ್ಚುವ ಸಂದರ್ಭವೇ ಬಂದಿಲ್ಲದಿದ್ದರೆ ಹೇಗೆ ಕಲಿಯುತ್ತವೆ? ಹೊರಗೆ ಬಿಸಿಲಿಗೆ ತಂದರೆ ನೀರೆಲ್ಲ ತೆರೆದ ಬಾಗಿಲಿನಲ್ಲಿ ಹೊರಟುಹೋಗುತ್ತದೆ. ಅದಕ್ಕೇ ಹಾರ್ಡನಿಂಗ್ ಅಂತ ಮಾಡುವುದು. ಮೊದಲು ಮಂಜಿನಂತೆ ನೀರು ಸಿಂಪಡಿಸುವ ಮನೆಯಲ್ಲಿ, ಆಮೇಲೆ ಹಸಿರು ನೆಟ್ಟಿನ ಕೆಳಗೆ ಕವರಿನಲ್ಲಿ, ಎರಡೂ ಸೇರಿ ಎರಡು ಮೂರು ತಿಂಗಳು. ಅಲ್ಲಿ ಹೊಸ ಎಲೆ ಬರಬೇಕು. ಬಾಟಲಿಯ ಎಲೆಯಲ್ಲಿ ಬದುಕುವ ಗಿಡ ಬೇರೆ, ನೆಟ್ಟಿನ ಕೆಳಗೆ ಬಂದ ಎಲೆಯಲ್ಲಿ ಬದುಕುವ ಗಿಡ ಬೇರೆ.

ನರ್ಸರಿಗೆ ಫೋನ್ ಮಾಡಿದೆ. ಮೊದಲು "ನೀರು ಜಾಸ್ತಿ ಆಗಿರುತ್ತೆ ಮೇಡಮ್." ಎರಡನೇ ಸಲ "ನೀರು ಕಮ್ಮಿ ಆಗಿರುತ್ತೆ ಮೇಡಮ್." ಮೂರನೇ ಸಲ ನಾನು ಬೇರಿನ ಫೋಟೋ ಕಳಿಸಿ, ಹಾರ್ಡನಿಂಗ್ ಎಷ್ಟು ದಿನ ಮಾಡಿದ್ದೀರಿ, ಟ್ರೇಯ ತಾರೀಕು ಕಳಿಸಿ ಅಂದೆ. ಅರ್ಧ ದಿನ ಮೌನ. ಆಮೇಲೆ ಬೇರೆಯವರು ಮಾತಾಡಿದರು. ಆ ತಿಂಗಳು ಮಳೆ ಬೇಗ ಬಂದು ಎಲ್ಲರೂ ಒಟ್ಟಿಗೆ ಸಸಿ ಕೇಳಿದರಂತೆ, ಕೊನೆಯ ಕೆಲವು ಟ್ರೇಗಳನ್ನು ಮೂರು ವಾರಕ್ಕೇ ಎತ್ತಿಬಿಟ್ಟರಂತೆ. ಒಪ್ಪಿಕೊಂಡದ್ದು ದೊಡ್ಡದು ಅನ್ನೋಣ. ಆದರೆ ಅವರು ಬದಲಿಗೆ ಕೊಟ್ಟದ್ದು 15 ಸಸಿ, ಅದೂ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಗಿಡಗಳು ಸೊಂಟಕ್ಕೆ ಬಂದಿದ್ದವು. ಆ 15 ನೆರಳಿನಲ್ಲೇ ಉಳಿದವು. ಅದರಲ್ಲಿ ಬಂದ ಗೊನೆ ಮನೆಗೆ ಪಲ್ಯಕ್ಕಾಯಿತು.

ಹಾಗಾಗಿ ಸಸಿ ಇಳಿಸಿಕೊಳ್ಳುವಾಗ ಎತ್ತರ ನೋಡಬೇಡಿ. ಒಂದು ಟ್ರೇಯಿಂದ ಒಂದನ್ನು ಕವರ್ ಹರಿದು ಬೇರು ನೋಡಿ. ಬೇರು ಮಣ್ಣನ್ನು ಹಿಡಿದುಕೊಂಡಿರಬೇಕು, ಹೆಂಟೆ ಒಡೆಯಬಾರದು. ಎಲೆಯನ್ನು ಬೆರಳಿನಲ್ಲಿ ಮಡಚಿದರೆ ದಪ್ಪ ಅನ್ನಿಸಬೇಕು. ಡ್ರೈವರ್ ಬೈದುಕೊಳ್ಳುತ್ತಾನೆ, ಬೈದುಕೊಳ್ಳಲಿ.

ಬದುಕಿದ ಸಸಿಗಳ ಬಗ್ಗೆ ಹೇಳಬೇಕೆಂದರೆ, ನನಗೆ ಮಾತು ಸಾಲದು. ಸೆಪ್ಟೆಂಬರಿನಲ್ಲಿ ತೋಟದ ಒಂದು ತುದಿಯಲ್ಲಿ ನಿಂತು ನೋಡಿದರೆ ಪ್ರೇಯರಿಗೆ ನಿಂತ ಮಕ್ಕಳ ಹಾಗೆ. ಎಲ್ಲಕ್ಕೂ ಒಂದೇ ದಿನ ಎಲೆ ಬಿಚ್ಚಿದ ಹಾಗೆ ಕಾಣುತ್ತಿತ್ತು. ಕಂದಿನಿಂದ ಬೆಳೆದ ತೋಟದಲ್ಲಿ ಇದು ಸಾಧ್ಯವೇ ಇಲ್ಲ. ಒಂದು ದೊಡ್ಡ ಕಂದು, ಒಂದು ಸಣ್ಣದು, ಒಂದು ಅಗಲ ಎಲೆಯ ಬಡಕಲು ನೀರುಗಂದು, ಹಿಂದೆ ಮುಂದೆ ಆಗಿಯೇ ಆಗುತ್ತದೆ.

ಆದರೆ ಆ ಸಾಲಿನಲ್ಲಿ 22 ಮಕ್ಕಳು ಮಾತ್ರ ಸಾಲು ತಪ್ಪಿ ನಿಂತಿದ್ದವು. ನಾಲ್ಕನೇ ತಿಂಗಳಿಗೆ ಕಣ್ಣಿಗೆ ಬಿದ್ದವು. ಒಂಬತ್ತು ಗಿಡ ಬರೀ ಮೊಣಕಾಲೆತ್ತರ, ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು ಹೂಕೋಸಿನ ಹಾಗೆ. ಎಂಟರಲ್ಲಿ ಎಲೆಯ ಮೇಲೆ ಬಿಳಿ ಹಸಿರು ಮಚ್ಚೆ. ಐದು ಗಿಡಗಳ ಎಲೆ ಸಪೂರ, ದಪ್ಪ, ರಬ್ಬರಿನ ಹಾಗೆ. ಅತ್ತೆ ನೋಡಿ "ದಿಷ್ಟಿ ಆಗದೆ" ಅಂದರು. ನಾನು ವೈರಸ್ ಇರಬಹುದಾ ಅಂತ ಹೆದರಿದೆ. ಬಾಳೆಗೆ ಗುಚ್ಛತುದಿ ರೋಗ ಬಂದರೆ ಎಲೆಗಳು ಹೀಗೇ ಗುಂಪುಗಟ್ಟಿ ನಿಲ್ಲುತ್ತವೆ. ಆದರೆ ಆ ರೋಗದಲ್ಲಿ ಎಲೆತೊಟ್ಟಿನ ಮೇಲೆ ಕಡುಹಸಿರು ಗೀಟುಗಳು ಬರುತ್ತವೆ, ತಂತಿ ಸಂದೇಶದ ಚುಕ್ಕಿ ಗೀಟಿನ ಹಾಗೆ. ಇಲ್ಲಿ ಅವು ಇರಲಿಲ್ಲ. ಇದು ಬಾಟಲಿಯ ಎಡವಟ್ಟು. ಪಡಿಯಚ್ಚು ತೆಗೆಯುತ್ತಾ ಹೋದಾಗ ಮಧ್ಯೆ ಎಲ್ಲೋ ಒಂದು ಕೋಶ ತಪ್ಪು ಬರೆದುಕೊಳ್ಳುತ್ತದೆ. ಆಮೇಲೆ ಆ ತಪ್ಪೇ ಪ್ರತಿಯಾಗುತ್ತಾ ಬರುತ್ತದೆ. ಹಳೇ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿದ ಹಾಗೆ. ಪಚ್ಚಬಾಳೆ ಗುಂಪಿನಲ್ಲಿ ಕುಳ್ಳು ಗಿಡವೇ ಅತಿ ಹೆಚ್ಚು ಕಾಣುವ ಎಡವಟ್ಟು. ಹುಡುಗಿ ಎಂಟಕ್ಕೆ ನಿಲ್ಲಿಸುತ್ತೇವೆ ಅಂದದ್ದು ಇದಕ್ಕೇ. ನನ್ನ ಟ್ರೇಗಳು ಎಷ್ಟನೆಯದಕ್ಕೆ ನಿಂತವೋ ಬಿಲ್ಲಿನಲ್ಲಿ ಬರೆದಿರಲಿಲ್ಲ. 22ನ್ನೂ ಕಿತ್ತು ಗುಂಡಿಗೆ ಹಾಕಿದೆವು.

ಸಾವಿರಕ್ಕೆ ಹದಿನೆಂಟು. ಇದನ್ನು ನಾನು ದೂರು ಅನ್ನುವುದಿಲ್ಲ. ದೂರು ಬೇರೆ ಇದೆ.

ಅವರ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ "ರೋಗ ನಿರೋಧಕ ಸಸಿಗಳು" ಅಂತ ಇತ್ತು. ಇದು ಸುಳ್ಳು. ರೋಗಮುಕ್ತ ಅನ್ನಲಿ, ಒಪ್ಪುತ್ತೇನೆ. ಆ ನುಚ್ಚಿನಷ್ಟು ತುದಿಗೆ ಇನ್ನೂ ನಾಳಗಳ ಸಂಪರ್ಕ ಇರುವುದಿಲ್ಲ, ಅದಕ್ಕೇ ವೈರಸ್ ಅಲ್ಲಿಗೆ ಸುಲಭವಾಗಿ ಮುಟ್ಟುವುದಿಲ್ಲ. ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ವೈರಸ್ ಹತ್ತಿದ ಡೇಲಿಯಾ ಗಿಡದ ತುದಿಯಿಂದ ವೈರಸ್ ಇಲ್ಲದ ಗಿಡ ತೆಗೆದದ್ದು ಹೀಗೆ. ಆದರೆ ಬಾಳೆ ಲ್ಯಾಬಿನಲ್ಲಿ ಹಾಕುವುದು ದಾಳದಷ್ಟು ತುಂಡು, ಬರೀ ತುದಿಯಲ್ಲ. ಹಾಗಾಗಿ ತಾಯಿಗಿಡವನ್ನು ವೈರಸ್‌ಗೆ ಪರೀಕ್ಷೆ ಮಾಡಿಸಲೇಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಇದಕ್ಕೊಂದು ಪ್ರಮಾಣಪತ್ರದ ಏರ್ಪಾಡು ಇಟ್ಟಿದೆ. ನೀವು ಕೊಳ್ಳುವ ಬ್ಯಾಚಿಗೆ ಆ ಪತ್ರ ಇದೆಯಾ ಅಂತ ಕೇಳಿ. ಗೋಡೆಗೆ ಫ್ರೇಮ್ ಹಾಕಿ ತಗುಲಿಸಿದ್ದು ಹಳೇ ವರ್ಷದ್ದಾಗಿರಬಹುದು.

ಮುಕ್ತಕ್ಕೂ ನಿರೋಧಕಕ್ಕೂ ಏನು ವ್ಯತ್ಯಾಸ ಅಂತ ನನಗೆ ಅರ್ಥಮಾಡಿಸಿದ್ದು ಪುಸ್ತಕವಲ್ಲ, ನಮ್ಮ ರಸಬಾಳೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಿಂದಿನ ಅರ್ಧ ಎಕರೆ ಪೂರ್ತಿ ನಂಜನಗೂಡು ರಸಬಾಳೆ. ಹಣ್ಣಾದರೆ ಆ ಘಮ ಬಾಗಿಲು ದಾಟಿ ರಸ್ತೆಗೆ ಬರುತ್ತಿತ್ತು. ಆಮೇಲೆ ಸೊರಗು ರೋಗ ಬಂತು. ಊರೂರಿನ ತೋಟಗಳನ್ನು ಮುಗಿಸಿದ್ದೂ ಇದೇ. ಮೊದಲು ಕೆಳಗಿನ ಎಲೆಯ ಅಂಚು ಹಳದಿ. ಆಮೇಲೆ ಎಲೆತೊಟ್ಟು ಮುರಿದು, ಎಲೆಗಳೆಲ್ಲ ಲಂಗದ ಹಾಗೆ ಸುತ್ತ ಜೋತುಬೀಳುತ್ತವೆ. ಬುಡ ಉದ್ದಕ್ಕೆ ಸೀಳುತ್ತದೆ. ಗೆಡ್ಡೆ ಕತ್ತರಿಸಿದರೆ ಒಳಗೆ ಕಂದುಗೆಂಪು ಚುಕ್ಕಿಗಳ ಬಳೆ. ಮಾವನವರು ಸತ್ತ ಗಿಡದ ಪಕ್ಕದ, ಚೆನ್ನಾಗಿ ಕಾಣುವ ಕಂದನ್ನು ತೆಗೆದು ಬೇರೆ ಕಡೆ ನೆಟ್ಟರು. ರೋಗವನ್ನೂ ಜೊತೆಗೇ ನೆಟ್ಟ ಹಾಗಾಯಿತು. ಆ ಶಿಲೀಂಧ್ರ ಗೆಡ್ಡೆಯೊಳಗೆ ಕೂತು ಪ್ರಯಾಣ ಮಾಡುತ್ತದೆ. ಮಣ್ಣಿನಲ್ಲಿ ಬಾಳೆ ಇಲ್ಲದೆಯೂ ಹತ್ತಾರು ವರ್ಷ ಕಾಯುತ್ತದೆ.

ಈಗ ನರ್ಸರಿಯವರು ಟಿಶ್ಯೂ ಕಲ್ಚರ್ ರಸಬಾಳೆಯೂ ಮಾರುತ್ತಾರೆ. ನನಗೂ ಆಸೆಯಾಗಿ 20 ಕೇಳಿದೆ. ಆಗ ನನ್ನ ಕೊನೇ ಬೆಂಚಿನ ಹುಡುಗಿ ಪಕ್ಕಕ್ಕೆ ಕರೆದು "ನಿಮ್ಮ ಹಳೇ ಜಾಗದಲ್ಲಿ ಹಾಕಬೇಡಿ ಮಿಸ್" ಅಂದಳು. ಸರಿಯಾದ ಮಾತು. ಸ್ನಾನ ಮಾಡಿಸಿದ ಮಗುವನ್ನು ಮತ್ತೆ ಕೆಸರಿಗೆ ಬಿಟ್ಟರೆ ಸಾಬೂನಿನ ತಪ್ಪೇನು? ಜಿ-9 ನಮ್ಮ ಮಣ್ಣಿನಲ್ಲಿ ನಿಂತದ್ದು ಅದು ಬಾಟಲಿಯಿಂದ ಬಂತು ಅಂತಲ್ಲ. ರಸಬಾಳೆಯನ್ನು ಕೊಂದ ಬಗೆಯ ಸೊರಗು ರೋಗವನ್ನು ಪಚ್ಚಬಾಳೆ ಗುಂಪು ಹುಟ್ಟಿನಿಂದಲೇ ತಡೆದುಕೊಳ್ಳುತ್ತದೆ, ಅಷ್ಟೇ.

ಅದೂ ಎಷ್ಟು ದಿನವೋ. ಒಂದು ಕಾಲದಲ್ಲಿ ಅಮೆರಿಕ, ಯೂರೋಪಿನವರೆಲ್ಲ ತಿನ್ನುತ್ತಿದ್ದದ್ದು ಗ್ರೋ ಮಿಶೆಲ್ ಅನ್ನುವ ಬಾಳೆ. ಮಧ್ಯ ಅಮೆರಿಕದ ತೋಟಗಳಲ್ಲಿ ಸಾವಿರಾರು ಎಕರೆ, ಎಲ್ಲ ಒಂದೇ ಗಿಡದ ಪಡಿಯಚ್ಚು. ಪನಾಮಾ ರೋಗ, ಅಂದರೆ ಇದೇ ಸೊರಗು ರೋಗ, ಬಂದು, 1950-60ರ ದಶಕದ ಹೊತ್ತಿಗೆ ಆ ವ್ಯಾಪಾರವೇ ಕುಸಿಯಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಹೋಗಿ, ಡ್ಯೂಕ್ ಒಬ್ಬನ ಚಾಟ್ಸ್‌ವರ್ತ್ ಗಾಜಿನ ಮನೆಯಲ್ಲಿ ಬೆಳೆದು, ಅವನ ಮನೆತನದ ಹೆಸರು ಪಡೆದ ಗಿಡ. ನಮ್ಮ ಜಿ-9 ಅದೇ ಗುಂಪಿನದು. ಈಗ ಟಿಆರ್-4 ಅನ್ನುವ ಹೊಸ ಬಗೆಯ ಸೊರಗು ರೋಗ ಕ್ಯಾವೆಂಡಿಶ್‌ನ್ನೂ ಹಿಡಿಯುತ್ತಿದೆ. ಬಿಹಾರದ ಕಟಿಹಾರ್ ಕಡೆ ಕಾಣಿಸಿಕೊಂಡಿದೆ. ಬೀಜದಿಂದ ಬರುವ ಬೆಳೆಯಲ್ಲಿ ಹತ್ತು ಗಿಡ ಸತ್ತರೂ ಹನ್ನೊಂದನೆಯದಕ್ಕೆ ಏನೋ ಬೇರೆ ಗುಣ ಇರಬಹುದು. ನಮ್ಮ ಬಾಳೆಗೆ ಬೀಜವೇ ಇಲ್ಲ. ವರ್ಣತಂತುಗಳು ಹನ್ನೊಂದರ ಮೂರು ಗುಂಪು, ಒಟ್ಟು 33. ಸಮನಾಗಿ ಹಂಚಿಕೊಳ್ಳಲು ಬರುವುದಿಲ್ಲ. ಹಣ್ಣಿನ ನಡುವೆ ಕಾಣುವ ಕಪ್ಪು ಚುಕ್ಕಿ ಬೀಜವಾಗಲು ಹೊರಟು ಸೋತದ್ದರ ಗುರುತು. ನನ್ನ ತೋಟದ ಸಾವಿರ ಚಿಲ್ಲರೆ ಗಿಡ ಎಣಿಸಲಿಕ್ಕೆ ಸಾವಿರ, ರೋಗದ ಕಣ್ಣಿಗೆ ಒಂದೇ ಗಿಡ. ಪಕ್ಕದ ಅರ್ಧ ಎಕರೆಗೆ ಈ ವರ್ಷ ಏಲಕ್ಕಿ ಬಾಳೆ ಹಾಕಿದ್ದು ಇದೇ ಹೆದರಿಕೆಗೆ.

ಬೆಳೆ ಹೇಗಾಯಿತು ಅಂತ ಕೇಳುತ್ತೀರಿ ಅಲ್ವಾ. ಏಪ್ರಿಲ್ ಗಾಳಿಮಳೆಗೆ 61 ಗಿಡ ಗೊನೆ ಸಮೇತ ಉರುಳಿದವು. ಅದರಲ್ಲಿ ಸಸಿಯ ತಪ್ಪಿಲ್ಲ, ಕೋಲು ಕೊಡಲು ಸೋಮಾರಿತನ ಮಾಡಿದ್ದು ನಾವು. ಕಡಿದ ಗೊನೆ 1,104. ಒಂದು ಗೊನೆ ಸರಾಸರಿ 23 ಕೆಜಿ ತೂಗಿತು. 25 ಟನ್ನಿಗೆ ಸ್ವಲ್ಪ ಮೇಲೆ. ಎಲ್ಲ ಒಂದೇ ತಿಂಗಳಲ್ಲಿ ಕಡಿಯಲು ಬಂದದ್ದರಿಂದ ವ್ಯಾಪಾರಿ ತಾನೇ ಲಾರಿ ತಂದು ತುಂಬಿಕೊಂಡು ಹೋದ. ಮುಂಚೆ ಕಂದಿನ ತೋಟವಿದ್ದಾಗ ವಾರಕ್ಕೆ ಹತ್ತು ಗೊನೆ ಕಡಿದು ನಾವೇ ಸಂತೆಗೆ ಹೊರಬೇಕಿತ್ತು. ಆದರೆ ಎಲ್ಲ ಒಟ್ಟಿಗೆ ಬಂದಾಗ ರೇಟೂ ಒಟ್ಟಿಗೆ ಬೀಳುತ್ತದೆ. ನಮ್ಮ ಪಾಲಿಗೆ ಸಿಕ್ಕಿದ್ದು ಕೆಜಿಗೆ 13 ರೂಪಾಯಿ. ಹದಿನೈದು ದಿನದ ಮುಂಚೆ 18 ಇತ್ತು. ಗೊಬ್ಬರ, ಆಳು, ಡ್ರಿಪ್ಪು ಕಳೆದರೂ ಕೈಯಲ್ಲಿ ಉಳಿಯಿತು. ನಾನು ಪಿಂಚಣಿ ಮುಟ್ಟದೆ ಮಗಳಿಗೆ ಸೀಮಂತ ಮಾಡಿದೆ.

ಅಂಕ ಕೊಡುವುದು ನನ್ನ ಹಳೇ ಚಾಳಿ. ಸಸಿಯ ತಳಿಗುಣಕ್ಕೆ ಹತ್ತಕ್ಕೆ ಒಂಬತ್ತು. ಹಾರ್ಡನಿಂಗಿಗೆ ಐದು. ಫೋನಿನಲ್ಲಿ ಮಾತಾಡುವ ರೀತಿಗೆ ನಾಲ್ಕು, ಮೂರನೇ ಸಲ ನಿಜ ಹೇಳಿದ್ದಕ್ಕೆ ಒಂದು ಸೇರಿಸಿ ಐದು. ಕರಪತ್ರಕ್ಕೆ ಸೊನ್ನೆ, ಆ ನಿರೋಧಕ ಅನ್ನುವ ಪದ ತೆಗೆಯುವ ತನಕ ಸೊನ್ನೆಯೇ. ಜಿ-9 ಇನ್ನೊಂದು ಸಲ ಅವರ ಹತ್ತಿರವೇ ತರುತ್ತೇನೆ, ಆದರೆ ಜೂನ್ ಮೊದಲ ವಾರಕ್ಕೆ ಅಲ್ಲ, ಎಲ್ಲರೂ ಕೇಳಿ ಮುಗಿಸಿದ ಮೇಲೆ. ಶೇಕಡಾ ಐದರಷ್ಟು ಹೆಚ್ಚಿಗೆ ತರುತ್ತೇನೆ. ಎರಡು ಮೂರು ಕೂಳೆ ಬೆಳೆ ತೆಗೆಯುವ ಯೋಚನೆ ಇರುವುದರಿಂದ ಸದ್ಯಕ್ಕೆ ಬೇಡ.

ಕೊನೇ ಗೊನೆ ಕಡಿದ ದಿನ ಸಂಜೆ ಹಿತ್ತಲಿಗೆ ಹೋದರೆ ಅತ್ತೆ ಬಚ್ಚಲು ನೀರು ಹೋಗುವ ಜಾಗದಲ್ಲಿ ಕೂತು ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ಒಂದು ಕತ್ತಿಕಂದು, ಮೂರನೇ ಸಾಲಿನಲ್ಲಿ 31 ಕೆಜಿ ಗೊನೆ ಕೊಟ್ಟ ಗಿಡದ್ದು. ಅದರ ಗೆಡ್ಡೆಯನ್ನು ಕೆತ್ತಿ, ಒಳಗೆ ಬೆಳ್ಳಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಗುಂಡಿಗೆ ಇಳಿಸಿ ಕಾಲಲ್ಲಿ ಮಣ್ಣು ಒತ್ತಿದರು.

"ಹದಿನೇಳು ರೂಪಾಯಿ ಉಳೀತು" ಅಂದರು.